ಐದನೆಯ ಸಾಲು

ಮಠದ ಶಿಷ್ಯ ಮರುಳಯ್ಯ ಒಂದು ದಿನ ಗುರುಗಳನ್ನು ಕೇಳಿದ:

"ಗುರುಗಳೇ, ಮನುಷ್ಯನನ್ನು ಗುರುತಿಸುವುದು ಹೇಗೆ? ಒಬ್ಬನೇ ಮನುಷ್ಯ ಮನೆಯಲ್ಲಿ ಯಜಮಾನ, ಗೌಡರ ಮುಂದೆ ಆಳು, ಮಾವನ ಮನೆಗೆ ಹೋದರೆ ಅಳಿಯದೇವರು. ಇವರಲ್ಲಿ ಯಾರನ್ನು ನಿಜವೆನ್ನಲಿ?"

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿಯಿದ್ದಳು. ಜಾತಿಯಲ್ಲಿ ಕುಂಬಾರತಿ, ಗಂಡ ತೀರಿಹೋಗಿದ್ದ. ಹೆರಿಗೆಯ ಕೋಣೆಯಲ್ಲಿ ಗೌಡನ ಹೆಂಡತಿಯೂ ಅವಳ ಕೈ ಹಿಡಿದು "ತಾಯೀ" ಎನ್ನುತ್ತಿದ್ದಳು. ಪುಣ್ಯಾಹವಾದ ಮರುದಿನ ಅದೇ ತಾಯಿ ಅದೇ ಮನೆಯ ಹೊಸ್ತಿಲಾಚೆ ನಿಂತು ಮಾತಾಡಬೇಕಿತ್ತು. ಕುಂಬಾರರ ಕೇರಿಯಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಮದುವೆಯ ದಿಬ್ಬಣ ಹೊರಟಾಗ ಮಾತ್ರ ಅದೇ ಕೇರಿಯವರು, ವಿಧವೆ ಎದುರಾಗಬಾರದೆಂದು, ಅವಳನ್ನು ಒಳಗೆ ಕೂರಿಸುತ್ತಿದ್ದರು. ಇದು ಅವಳಿಗೆ ರೂಢಿಯಾಗಿತ್ತು. ಸೆರಗು ಸರಿಮಾಡಿಕೊಂಡಷ್ಟೇ ಸಲೀಸಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಬಿಡುತ್ತಿದ್ದಳು.

ಗೌಡನ ಮಗನ ಮದುವೆ ಬಂತು. ಅವನನ್ನು ಭೂಮಿಗೆ ತಂದವಳೇ ಅವಳು, ಗೌಡ ಕರೆಕಳಿಸಿದ. ಮದುವೆಯ ಉಸ್ತುವಾರಿ ಹೊತ್ತ ಪಾರುಪತ್ಯಗಾರ ಬಲು ಅಚ್ಚುಕಟ್ಟಿನ ಮನುಷ್ಯ. ಯಾರೂ ಹೊರಗುಳಿಯಬಾರದೆಂದು ಊಟಕ್ಕೆ ನಾಲ್ಕು ಸಾಲು ಮಾಡಿ, ಒಂದೊಂದಕ್ಕೂ ಹಲಗೆ ನೆಟ್ಟಿದ್ದ. ಹಾಕಿದ ಎಲೆ ಬರಿದಾಗಿರಕೂಡದೆಂದು ಬಡಿಸುವವರಿಗೆ ಕಟ್ಟಪ್ಪಣೆ ಮಾಡಿದ್ದ.

ಸೂಲಗಿತ್ತಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೆಂಗಸರ ಸಾಲಿಗೆ ಹೋದಳು. "ಇದು ಮುತ್ತೈದೆಯರ ಊಟ" ಎಂದರು. ವಿಧವೆಯರ ಸಾಲಿಗೆ ಹೋದಳು. ಅಲ್ಲಿದ್ದವರೆಲ್ಲ ಗೌಡನ ಮನೆತನದವರು. "ಕುಂಬಾರರು ಅತ್ತ" ಎಂದರು. ಕುಂಬಾರರ ಸಾಲಿನಲ್ಲಿ ಬರೀ ಗಂಡಸರು. ಅವಳ ಒಡಹುಟ್ಟಿದ ತಮ್ಮನೇ, "ಗಂಡಸರ ನಡುವೆ ಹ್ಯಾಗೆ ಕೂರ್ತೀಯಕ್ಕ?" ಎಂದು ಎಲೆಯತ್ತ ಬಗ್ಗಿದ. ಕೊನೆಗೆ ಆಳುಗಳ ಸಾಲಿಗೆ ಬಂದಳು. ಅವರು ಗಾಬರಿಯಿಂದ ಎದ್ದು ನಿಂತರು. "ಮದುಮಗನನ್ನ ಮೊದಲು ಎತ್ತಿಕೊಂಡವಳು ನೀನು. ನಮ್ಮ ಜೊತೆ ಕೂತರೆ ಗೌಡರು ನಮ್ಮನ್ನ ಬಿಟ್ಟಾರೆಯೇ?"

ಅವಳು ಒಂದು ಎಲೆ ತೆಗೆದುಕೊಂಡು, ನಾಲ್ಕು ಸಾಲೂ ಕೂಡುವ ನಟ್ಟನಡುವೆ ಹಾಸಿ ಕೂತುಬಿಟ್ಟಳು.

ಬಡಿಸುವವರು ಆ ದಾರಿಯಲ್ಲೇ ಓಡಾಡಬೇಕು. ಬರಿದಾದ ಎಲೆ ದಾಟುವಂತಿಲ್ಲ. ಮುತ್ತೈದೆಯರಿಗೆ ಹೊರಟ ಹೋಳಿಗೆ ಅವಳ ಎಲೆಗೆ ಬಿತ್ತು, ಕುಂಬಾರರಿಗೆ ಹೊರಟದ್ದೂ ಬಿತ್ತು. ಪಾಯಸ ನಾಲ್ಕು ಸಲ ಬಂತು. ಅವಳು ಬೇಡವೆನ್ನಲಿಲ್ಲ. ಅಷ್ಟರಲ್ಲಿ ಬಡಿಸುವವರಿಬ್ಬರು ಒಟ್ಟಿಗೆ ಬಗ್ಗಿ ತಲೆಗೆ ತಲೆ ಢಿಕ್ಕಿ ಹೊಡೆದರು. ಏನು ಗದ್ದಲವೆಂದು ಓಡಿಬಂದ ಪಾರುಪತ್ಯಗಾರನ ಜರಿಪಂಚೆಯ ಮೇಲೆ ಒಂದು ಕೊಳಗ ಸಾರು ಸುರಿಯಿತು.

"ಯಾವ ಸಾಲಿನವಳೇ ನೀನು?" ಎಂದು ಅವನು ಕೂಗಿದ.

"ನಾಲ್ಕೂ ಸಾಲಿನವಳು, ಒಡೆಯಾ" ಎಂದಳು ಅವಳು. "ಅದಕ್ಕೇ ಒಂದರಲ್ಲೂ ಜಾಗ ಸಿಗಲಿಲ್ಲ."

ಪಾರುಪತ್ಯಗಾರ ಕೆಟ್ಟವನಲ್ಲ. ಅವನಿಗೆ ನಾಚಿಕೆಯಾಯಿತು. ಮರುವರ್ಷ ಗೌಡನ ಮಗಳ ಮದುವೆಗೆ ಐದನೆಯ ಸಾಲು ಮಾಡಿ, "ಕುಂಬಾರ ವಿಧವೆ ಸೂಲಗಿತ್ತಿಯರಿಗೆ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ. ಆ ಸಾಲಿನಲ್ಲಿ ಇದ್ದದ್ದು ಒಂದೇ ಎಲೆ. ಅವನೇ ಕೈಮುಗಿದು ಅವಳನ್ನು ಕೂರಿಸಿದ. ಊರಿಗೆ ಊರೇ ಕತ್ತು ತಿರುಗಿಸಿ ನೋಡಿತು. ಉಪ್ಪು ಸಾಲದೆಂದು ಹೇಳಿಕೊಳ್ಳಲೂ ಪಕ್ಕದಲ್ಲಿ ಒಬ್ಬರಿಲ್ಲ.

ಅಷ್ಟರಲ್ಲಿ ಗಾಣಿಗರ ಕುಂಟ ಹುಡುಗಿಯೊಬ್ಬಳು ಹಲಗೆಯಿಂದ ಹಲಗೆಗೆ ಕಾಲೆಳೆಯುತ್ತ ಅಲೆಯುವುದು ಅವಳ ಕಣ್ಣಿಗೆ ಬಿತ್ತು.

"ಬಾರೇ ಮಗಳೇ, ಇಲ್ಲಿ ಕೂರು" ಎಂದಳು.

"ಛೆ, ಛೆ! ಅದು ಸೂಲಗಿತ್ತಿಯರ ಸಾಲು!" ಎನ್ನುತ್ತ ಪಾರುಪತ್ಯಗಾರ ಆರನೆಯ ಹಲಗೆ ಬರೆಸಲು ಓಡಿದ.

ಸೂಲಗಿತ್ತಿ ಎಲೆಯನ್ನು ಪಕ್ಕಕ್ಕೆ ಸರಿಸಿಕೊಂಡು ಹುಡುಗಿಗೆ ಜಾಗ ಮಾಡಿದಳು. ಹುಡುಗಿ ವಾಚಾಳಿ, ಊಟ ಮುಗಿಯುವವರೆಗೂ ಇಬ್ಬರೂ ನಗುತ್ತಲೇ ಇದ್ದರು. ಪಾರುಪತ್ಯಗಾರ ಬಣ್ಣ ಆರದ ಹಲಗೆ ಹೊತ್ತು ಬರುವಷ್ಟರಲ್ಲಿ ಅವರು ಕೈತೊಳೆದು, ಎಲೆಯಡಿಕೆ ಹಾಕಿಕೊಂಡು ಹೊರಟುಹೋಗಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಬಹಳ ಹೊತ್ತು ಬೆರಳು ಮಡಿಸುತ್ತ ಲೆಕ್ಕ ಹಾಕಿ ಕೇಳಿದ:

"ಹಾಗಾದರೆ ಗುರುಗಳೇ, ಒಟ್ಟು ಎಷ್ಟು ಸಾಲು ಮಾಡಿದ್ದರೆ ಸರಿಹೋಗುತ್ತಿತ್ತು?"

ಗುರುಗಳು ಅವನ ಮುಖ ನೋಡಿದರು.

"ಎಲ್ಲಿ ಕೂರುತ್ತೀಯವ್ವಾ ಎಂದು ಅವಳನ್ನು ಯಾರಾದರೂ ಕೇಳಿದರೇ, ಮರುಳಯ್ಯ?"

ಮರುಳಯ್ಯನ ಬೆರಳುಗಳು ಮಡಿಸಿದಲ್ಲೇ ನಿಂತವು.