ಗೂಬೆಮರಿಯ ಬೋಳು ಮುಖ

ಅಪ್ಪನಿಗೂ ಕಣ್ಣುಂಟು, ಅಮ್ಮನಿಗೂ ಕಣ್ಣುಂಟು, ಮರಿಯ ಮುಖ ಮಾತ್ರ ಬೋಳು. ಯಾಕೆ ಹೇಳಿ? ತಲೆ ಕೆರ್ಕೋಬೇಡಿ, ನಿಮಗೆ ಬರಲ್ಲ.

ಕಂಪ್ಯೂಟರಿನೊಳಗೆ ಹಕ್ಕಿ ಅಂತ ಒಂದು ಕ್ಲಾಸಿತ್ತು, ಅಂದರೆ ಹಕ್ಕಿ ಹೇಗಿರಬೇಕು ಅಂತ ಬರೆದಿಟ್ಟ ಅಚ್ಚು. ಅದಕ್ಕೆ ಬರೆದಿದ್ದು ಕೊಕ್ಕು, ರೆಕ್ಕೆ ಎರಡೇ. ಎರಡು ಹಕ್ಕಿಗಳನ್ನು ಕೂಡಿಸಿ ಮರಿ ಮಾಡುವ ಕ್ರಮವನ್ನು ಹಕ್ಕಿಯೇ ಪ್ಲಸ್ ಚಿಹ್ನೆಗೆ ಕಲಿಸಿತ್ತು. ಆಮೇಲೆ ಹಕ್ಕಿಯಿಂದ ಗೂಬೆ ಕ್ಲಾಸು ಹುಟ್ಟಿತು. ಹಕ್ಕಿಯ ಕೊಕ್ಕು, ರೆಕ್ಕೆ, ಪ್ಲಸ್ಸಿನ ಕ್ರಮ ಎಲ್ಲ ಗೂಬೆಗೂ ಬಂತು, ಮೇಲೆ ಕಣ್ಣೂ ಬಂತು.

ಗೂಬೆ ದಂಪತಿ ಪ್ಲಸ್ಸಿನ ಬಳಿ ಬಂದು, "ನಮಗೊಂದು ಮರಿ ಕೊಡಪ್ಪಾ" ಎಂದವು. ಪ್ಲಸ್ ಕೊಟ್ಟಿತು. ಮರಿ "ಅಮ್ಮಾ" ಎನ್ನುತ್ತ ತಿರುಗಿತು. ಮುಖದಲ್ಲಿ ಕಣ್ಣಿನ ಗುಳಿಯೂ ಇರಲಿಲ್ಲ.

"ಕಣ್ಣೆಲ್ಲೋ ಹಾಳಾದವನೇ?" ಎಂದು ಕಿರುಚಿತು ತಾಯಿ ಗೂಬೆ.

"ಕಣ್ಣಾ? ಹಾಗಂದ್ರೇನು ತಾಯಿ?" ಎಂದಿತು ಪ್ಲಸ್. "ಹಕ್ಕಿ ಹೇಳಿಕೊಟ್ಟಿದ್ದಷ್ಟೇ ನನಗೆ ಗೊತ್ತು. ನಿಮ್ಮ ಮನೆಯ ಕ್ರಮ ಬೇರೆ ಅಂತ ನೀವು ಕಲಿಸಬೇಕಿತ್ತು."

ತಂದೆ ಗೂಬೆ ತಕ್ಷಣ ಗೂಬೆಗಳದ್ದೇ ಕ್ರಮ ಬರೆದುಕೊಟ್ಟಿತು. ಎರಡನೆಯ ಮರಿ ಪಿಳಿಪಿಳಿ ಕಣ್ಣು ಬಿಡುತ್ತ ಹುಟ್ಟಿತು.

ಈ ಎರಡನೆಯ ಮರಿ ನಾನು ಕಟ್ಟಿದ ಸುಳ್ಳು ಕತೆ ಕಣ್ರೀ. ಕಂಪ್ಯೂಟರು ತಪ್ಪು ಅಂತ ತೋರಿಸಲೇ ಇಲ್ಲ, ಹಾಗಾಗಿ ಗೂಬೆಗಳ ಕ್ರಮವನ್ನು ಯಾರೂ ಬರೆಯಲೇ ಇಲ್ಲ. ಮೊದಲನೆಯದು ಈಗಲೂ ಒಳಗೆ ಕೂತು, ಅಮ್ಮ ಯಾವ ಕಡೆ ಇದ್ದಾಳೆ ಅಂತ ಕೇಳುತ್ತಲೇ ಇದೆ.