ಕಲ್ಲಾಮೆ ಹೊತ್ತ ಗುಡಿ

ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದನಂತೆ. ಪುರಾಣ ಅಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಆದರೆ ಕೇಳಿಸಿಕೊಳ್ಳುತ್ತಿದ್ದದ್ದು ಅರ್ಧ. ಹಾಲುಗಡಲು ಕಡೆಯುವಾಗ ಮುಳುಗುತ್ತಿದ್ದ ಬೆಟ್ಟವನ್ನು ವಿಷ್ಣು ಆಮೆಯಾಗಿ ಬೆನ್ನ ಮೇಲೆ ಹೊತ್ತ ಕಥೆ ಕೇಳಿದ್ದೇ ತಡ, "ಬೆಟ್ಟ ಹೊತ್ತ ಜಾತಿ ನಾನು ಕಟ್ಟಿಸೋ ಒಂದು ಗುಡಿ ಹೊರದೇ? ಜೀವಂತ ಆಮೆ ಹಿಡಿದು ಪಾಯದಲ್ಲಿಡಿ" ಅಂತ ಅಪ್ಪಣೆ ಮಾಡಿದನಂತೆ.

ಕಲ್ಲುಕುಟಿಗ ದುರುಗಯ್ಯ ಕೊಳದ ಆಮೆ ಹಿಡಿದು ತಂದ, ಪಾಯದ ಗುಂಡಿಯಲ್ಲಿಟ್ಟ, ಮೇಲೆ ಚಪ್ಪಡಿ ಮುಚ್ಚಿದ. ಗೋಡೆ ಎದೆಮಟ್ಟ ಎದ್ದಿತು, ದಬಕ್ಕನೆ ಬಿತ್ತು. ಮತ್ತೆ ಕಟ್ಟಿದ, ಮತ್ತೆ ಬಿತ್ತು. ರಾಜನಿಗೆ ಕೋಪ ನೆತ್ತಿಗೇರಿತು.

"ಮೂರನೇ ಸಲ ಬಿದ್ದರೆ ನಿನ್ನ ಬಲಗೈ ಕಡಿಸ್ತೀನಿ" ಅಂದ. ಆಮೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ; ಅದು ಪುರಾಣದ ಪ್ರಾಣಿಯಲ್ಲವೇ!

ದುರುಗಯ್ಯ ತಲೆ ಮೇಲೆ ಕೈಹೊತ್ತು ಕೂತ. ಅವನ ಹೆಂಡತಿ ನರಸವ್ವ ಬಿದ್ದ ಕಲ್ಲು ಎತ್ತಿಹಾಕುತ್ತಿದ್ದಾಗ ಚಪ್ಪಡಿಯ ಕೆಳಗೆ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತಂತೆ. ಹಾರೆ ಹಾಕಿ ಮೀಟಿದಳು. ಆಮೆ ಕತ್ತು ಹೊರಗೆ ಚಾಚಿತು.

"ಯಾಕವ್ವಾ ಗೋಡೆ ಬೀಳಿಸ್ತೀಯ? ನನ್ನ ಗಂಡನ ಕೈ ಹೋಗುತ್ತೆ" ಅಂದಳು.

"ಬೇಕೂಂತ ಬೀಳಿಸ್ತಿಲ್ಲ ತಾಯಿ. ಕೊಳದ ದಂಡೇಲಿ ನನ್ನ ಮೊಟ್ಟೆ ಇವೆ. ನಾವು ಮೊಟ್ಟೆ ಮೇಲೆ ಕೂರೋರಲ್ಲ, ಎಲ್ಲಿದ್ದರೂ ನೆನೆದು ನೆನೆದೇ ಕಾವು ಕೊಡೋರು. ನೆನೆದಾಗೆಲ್ಲ ಮೈ ನಡುಗುತ್ತೆ, ನಿಮ್ಮ ಗೋಡೆ ಬೀಳುತ್ತೆ. ನೆನೆಯೋದು ಬಿಟ್ಟರೆ ಮೊಟ್ಟೆ ಕೊಳೆಯುತ್ತವೆ. ನೀನೇ ಹೇಳು, ಏನು ಮಾಡಲಿ?"

ನರಸವ್ವ ಮೂರು ಹೆತ್ತವಳು. ಅವಳಿಗೆ ಅಳು ಬಂತು. ಆಮೆಯನ್ನು ಸೆರಗಲ್ಲಿ ಸುತ್ತಿ ಒಯ್ದು ಕೊಳಕ್ಕೆ ಬಿಟ್ಟು ಬಂದಳು.

"ಅಯ್ಯೋ, ರಾಜರ ಅಪ್ಪಣೆ ಮುರಿದೆಯಲ್ಲೇ! ನನ್ನ ಕೈ ಹೋಯ್ತು ಅಂತಲೇ ತಿಳಿ" ಅಂದ ದುರುಗಯ್ಯ.

"ಇನ್ನೂ ಮೈಗೆ ಅಂಟಿಕೊಂಡೇ ಇದೆಯಲ್ಲ. ಅದೇ ಕೈಯಲ್ಲಿ ಒಂದು ಕಲ್ಲಾಮೆ ಮಾಡು."

ಮಾಡಿದ. ಪಾಯದಲ್ಲಿಟ್ಟು ಗೋಡೆ ಎಬ್ಬಿಸಿದ. ಎದೆಮಟ್ಟ ಆಯಿತು, ಆಳೆತ್ತರ ಆಯಿತು, ಕಳಸ ಏರಿತು. ಬೀಳಲಿಲ್ಲ.

"ನೋಡಿದಿರಾ ನನ್ನ ಆಮೆಯ ಶಕ್ತಿ!" ಅಂತ ರಾಜ ಮೀಸೆ ತಿರುವಿದ. ನರಸವ್ವ ಸುಮ್ಮನಿರುವ ಹೆಂಗಸಲ್ಲ, ನಡೆದದ್ದೆಲ್ಲ ಹೇಳಿಬಿಟ್ಟಳು.

"ಜೀವ ಇರೋ ಆಮೆ ಹೊರಲಾರದ್ದನ್ನು ಕಲ್ಲು ಹೇಗೆ ಹೊತ್ತಿತು?" ಅಂತ ರಾಜ ಗುಡುಗಿದ.

"ಕಲ್ಲಿಗೆ ಮಕ್ಕಳಿಲ್ಲ, ಬುದ್ಧಿ. ಅದಕ್ಕೆ ಯಾರೂ ನೆನಪಾಗೋದಿಲ್ಲ."

ರಾಜನಿಗೂ ಮಕ್ಕಳಿದ್ದರು. ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ದುರುಗಯ್ಯನ ಬಲಗೈಗೆ ತೊಡಿಸಿದನಂತೆ. ಅಂದಿನಿಂದ ಆ ಸೀಮೆಯಲ್ಲಿ ಗುಡಿ ಕಟ್ಟುವವರು ಕಲ್ಲಾಮೆಯನ್ನೇ ಇಡುತ್ತಾರಂತೆ.

ಆಮೆಮರಿಗಳು ನೀರಿಗಿಳಿದವು, ದುರುಗಯ್ಯ ಕಡಗದ ಕೈಯಲ್ಲಿ ಉಂಡ, ಕಥೆ ಕೇಳಿದ ನಾವು ಬರಿಗೈಯಲ್ಲಿ ಎದ್ದೆವು.