ತಾಯಿಯನ್ನು ತಿಂದ ಮಗು

"ಕೇಳಿರಪ್ಪಾ ಕೇಳಿ. ಅರಮನೆಯ ಅಮ್ಮಣ್ಣಿ, ರಾಜರ ಮಗಳು ಹೊನ್ನಾಜಿಯವರು ಮೂರು ಒಗಟು ಒಡ್ಡುತ್ತಾರೆ. ಒಡೆದವನಿಗೆ ಅವರನ್ನೇ ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ."

ಡಂಗುರದವನು ಮೊದಲ ಎರಡು ಒಗಟುಗಳನ್ನೂ ಸಾರಿದ. ಎರಡನೆಯದು ಕಿವಿಗೆ ಬಿದ್ದದ್ದೇ ಹಾಲಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತು ಕೈಯಲ್ಲೇ ನಿಂತಿತು. ಹುಟ್ಟುತ್ತಲೇ ತಾಯಿಯನ್ನು ತಿಂದ ಮಗು ಯಾವುದು? ಅವನಿಗೆ ಅದು ಒಗಟಲ್ಲ, ಊರು ಇಟ್ಟ ಹೆಸರು. ಹೆತ್ತು ಕಣ್ಮುಚ್ಚಿದ ತಾಯಿಯ ಮಗ, ಮೇಕೆ ಹಾಲು ಕುಡಿದು ಬೆಳೆದವನು. ಅವನು ಮದುವೆ ಮನೆಗೆ ಕಾಲಿಟ್ಟರೆ ಮುತ್ತೈದೆಯರು ಸೆರಗು ಸರಿಸಿಕೊಳ್ಳುತ್ತಿದ್ದರು. ತಲೆ ಹೋದರೂ ಸರಿ, ಇದಕ್ಕೊಂದು ಉತ್ತರ ಕೇಳಿಯೇ ಬರುತ್ತೇನೆ ಅಂತ ಹೊರಟ.

ಒಗಟು ಒಡ್ಡುತ್ತಿದ್ದದ್ದು ಅಮ್ಮಣ್ಣಿಯನ್ನು ಹೆತ್ತು ಸತ್ತ ರಾಣಿಯ ಬಾಣಂತಿ ಕೋಣೆಯ ಮುಂದೆ, ದೀಪ ಹಚ್ಚುವ ಹೊತ್ತಿಗೆ. ಆ ಕೋಣೆಯ ಕಿಟಕಿಗೆ ಎಷ್ಟು ಅಗಳಿ ಹಾಕಿದರೂ ಸಂಜೆಗೆ ತಾನಾಗಿ ತೆರೆದು ಪಟಪಟ ಬಡಿದುಕೊಳ್ಳುತ್ತಿತ್ತು. ಮಗಳನ್ನು ಒಯ್ಯಲು ರಾಣಿ ಬರುತ್ತಾಳೆ ಅಂತ ದಾಸಿಯರು ಆ ಕಡೆ ತಲೆಹಾಕುತ್ತಿರಲಿಲ್ಲ.

ಮೊದಲು ಒಬ್ಬ ಪಾಳೆಯಗಾರನ ಮಗ ನಿಂತ. ಅಮ್ಮಣ್ಣಿ ಕೇಳಿದಳು: ಕೈಯಿಲ್ಲದೆ ಕದ ತಳ್ಳುತ್ತದೆ, ಬಂದರೆ ಬೈಯುತ್ತಾರೆ, ಬಾರದಿದ್ದರೆ ಸಾಯುತ್ತಾರೆ, ಏನದು? ಗಾಳಿ ಅಂದ. ಎರಡನೆಯದಕ್ಕೆ, ಚೇಳಿನ ಮರಿ ಅಂದ. ಕಿಟಕಿ ದಢಾರನೆ ಬಡಿಯಿತು, ಅವನನ್ನು ಎಳೆದೊಯ್ದರು. ಹಿಂದೆ ಬಂದ ಪಂಡಿತ ಅಮ್ಮಣ್ಣಿಯ ಮುಖ ನೋಡಿ, ಆ ಮಗು ತಾವೇ ಅಂದುಬಿಟ್ಟ. ಅವಳು ತಲೆ ತಗ್ಗಿಸಿದಳು. ಕಿಟಕಿ ಇನ್ನೂ ಜೋರಾಗಿ ಬಡಿಯಿತು, ಅವನನ್ನೂ ಎಳೆದೊಯ್ದರು.

ಹಾಲಪ್ಪನ ಸರದಿ ಬಂತು. ಮೊದಲನೆಯದನ್ನು ಅವನೂ ಒಡೆದ. ಎರಡನೆಯದಕ್ಕೆ ಕೋಣೆಯ ಕಡೆ ತಿರುಗಿದ. ರಾಣಿ ಹೋದ ದಿನ ಇದರೊಳಗೆ ಯಾರಿದ್ದರು ಅಂತ ಕೇಳಿದ. ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಕುರುಡಿ ಸೂಲಗಿತ್ತಿ ಕಾಳವ್ವ ಕೆಮ್ಮಿದಳು.

"ನಾನಿದ್ದೆ ಕಣಪ್ಪ."

"ಏನೇನಾಯ್ತು ಹೇಳು ಅವ್ವ."

ಮಗಳ ಪಕ್ಕದಲ್ಲಿದ್ದ ರಾಜ ಹುಬ್ಬು ಗಂಟಿಕ್ಕಿದ. ಕಾಳವ್ವನಿಗೆ ಕಾಣಲಿಲ್ಲ, ಹೇಳಿದಳು. ಬಾಣಂತಿಗೆ ಗಾಳಿ ಸೋಕಬಾರದು ಅಂತ ಕಿಟಕಿಯ ಸಂದುಸಂದಿಗೂ ಮಣ್ಣು ಮೆತ್ತಿಸಿದ್ದರಂತೆ. ಮೈ ಕಾಯಲಿ ಅಂತ ಮಂಚದ ಕೆಳಗೆ ಎರಡು ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ. ರಾಣಿ ಎದ್ದು ಕೂತು ಗಂಜಿ ಕುಡಿದಿದ್ದಳು. ಕಾಳವ್ವ ಮಗುವಿಗೆ ನೀರು ಹಾಕಲು ಬಚ್ಚಲಿಗೆ ಒಯ್ದು ತಿರುಗಿ ಬರುವಷ್ಟರಲ್ಲಿ ದೀಪ ಆರಿತ್ತು. ಮಂಚದಡಿ ಬೆಕ್ಕು ಕಾಲು ಚಾಚಿ ಸತ್ತಿತ್ತು. ರಾಣಿ ಮಲಗಿದಂತೆ ಇದ್ದಳು.

ಹಾಲಪ್ಪ ಅಮ್ಮಣ್ಣಿಯ ಕಡೆ ತಿರುಗಿದ. "ದೀಪವನ್ನೂ ಬೆಕ್ಕನ್ನೂ ನೀವೇ ತಿಂದಿರಾ ತಾಯಿ? ಮೂರನ್ನೂ ಕೊಂದದ್ದು ಒಂದೇ, ಮುಚ್ಚಿದ ಕೋಣೆಯ ಕೆಂಡದ ವಿಷಗಾಳಿ. ನೀವು ಹುಟ್ಟಿದ ಮೇಲೆ ಅವರು ಹೋದರು, ನೀವು ಹುಟ್ಟಿದ್ದಕ್ಕೆ ಹೋಗಲಿಲ್ಲ. ತಾಯಿಯನ್ನು ತಿಂದ ಮಗು ಅಂತ ಲೋಕದಲ್ಲಿ ಒಂದೂ ಇಲ್ಲ."

ಕಿಟಕಿ ಅಲುಗಲಿಲ್ಲ. ಅಮ್ಮಣ್ಣಿ ಅದರ ಕಡೆ ನೋಡಿ ಕೇಳಿದಳು. ಮೂರನೆಯದು: ಆ ಕಿಟಕಿ ತೆರೆಯುವವರು ಯಾರು, ಅವರಿಗೆ ಬೇಕಾದದ್ದೇನು?

"ನಿಮ್ಮ ತಾಯಿಯೇ. ನಿಮ್ಮನ್ನು ಒಯ್ಯೋಕಲ್ಲ. ಆವತ್ತು ತೆಗೆಯಲಾಗದ್ದನ್ನು ತೆಗೀತಾರೆ, ನೀವು ಉಸಿರಾಡಲಿ ಅಂತ."

ಒಳಗಿಂದ ತಣ್ಣನೆಯ ಗಾಳಿಯೊಂದು ಬಂದು ಎಲ್ಲರನ್ನೂ ದಾಟಿ ಹೋಯಿತು. ಅದರಲ್ಲಿ ಬಾಣಂತಿ ಧೂಪದ ವಾಸನೆ ಇತ್ತಂತೆ. ಆಮೇಲೆ ಆ ಕೋಣೆಯಲ್ಲಿ ಸದ್ದಿಲ್ಲ.

ರಾಜ ಗೋಡೆ ಹಿಡಿದು ನಿಂತ. ಮಣ್ಣು ಮೆತ್ತಿಸಿದವನು ಅವನೇ. ರಾಣಿಯ ಮೇಲಿನ ಪ್ರೀತಿಗೇ ಮೆತ್ತಿಸಿದ್ದ. ಗೊತ್ತಿದ್ದೂ ಆ ಸಾವಿನ ದೂರನ್ನು ಮಗಳ ತಲೆಗೆ ಕಟ್ಟಿದ್ದ. ಕೋಟೆ ಬಾಗಿಲ ತಲೆಗಳನ್ನು ಇಳಿಸಿ ಸಂಸ್ಕಾರ ಮಾಡಿಸಿದರು. ಆ ಗಂಡುಗಳೆಲ್ಲ ಯಾಕೆ ಸತ್ತರು ಅಂತ ಮಾತ್ರ ಅವನು ಯಾರನ್ನೂ ಕೇಳಲಾರದೆ ಹೋದ.

ಮಾತು ಕೊಟ್ಟಂತೆ ಹಾಲಪ್ಪನಿಗೆ ಅರ್ಧ ರಾಜ್ಯ, ಮದುವೆ ಎರಡೂ ಆದವು. ಧಾರೆಯ ಹೊತ್ತಿಗೆ, ಎರಡೂ ಕಡೆ ತಾಯಿಯಿಲ್ಲವಲ್ಲ, ಯಾರು ನಿಲ್ಲುವುದು ಅಂತ ಪುರೋಹಿತರು ತಡವರಿಸಿದರು. ಅಮ್ಮಣ್ಣಿ ಕಾಳವ್ವನ ಕೈಹಿಡಿದು ಕರೆತಂದಳು. ಮುದುಕಿ ನಡುಗುವ ಕೈಯಲ್ಲಿ ಹಾಲು ಹೊಯ್ದಳು. ಅರ್ಧ ನೆಲಕ್ಕೆ ಚೆಲ್ಲಿತು. ಯಾರೂ ಅಪಶಕುನ ಅನ್ನಲಿಲ್ಲ. ಅವರ ಬಾಳು ಹಾಲಿನ ಹಾಗಿರಲಿ, ಕೇಳಿದ ನಿಮ್ಮ ಹೊಟ್ಟೆ ತಣ್ಣಗಿರಲಿ.